ಮರಳಿ ಬಂದವರ ತ್ಯಾಗ

ಅಮೆರಿಕದ ಮೇನ್ ರಾಜ್ಯದಲ್ಲಿ ಕಾಡ್ಸ್‌ವಿಲ್ ಎಂಬ ಮೀನುಗಾರರ ಹಳ್ಳಿ. ಜನಸಂಖ್ಯೆ 14. ಭೂಪಟದಲ್ಲಿ ಹುಡುಕಬೇಡಿ, ಅದು ಇರುವುದು 1968ರ ‘ಡೂಮ್ ಪಟ್ರೋಲ್’ ಕಾಮಿಕ್ಸ್ ಮಾಲಿಕೆಯ 121ನೇ ಸಂಚಿಕೆಯಲ್ಲಿ. ಜಾಲ್ ಎಂಬೊಬ್ಬ ಹಳೆಯ ನಾಜಿ ಜಲಾಂತರ್ಗಾಮಿಯ ಕಪ್ತಾನ ನಾಲ್ವರು ಸಾಹಸಿಗಳನ್ನು ದ್ವೀಪವೊಂದರಲ್ಲಿ ಸಿಕ್ಕಿಸಿ ಕೇಳುತ್ತಾನೆ: ನೀವು ಸಾಯುತ್ತೀರೋ, ಆ ಹದಿನಾಲ್ಕು ಜನ ಸಾಯಬೇಕೋ? ಜೀವದ ಆಸೆ ಎಲ್ಲರಿಗೂ ಒಂದೇ ಎಂದು ಲೋಕಕ್ಕೆ ತೋರಿಸಬೇಕು, ಅದು ಅವನ ಹಟ. ನಾಲ್ವರೂ ತಮ್ಮ ಸಾವನ್ನೇ ಆರಿಸಿಕೊಳ್ಳುತ್ತಾರೆ. ಸ್ಫೋಟವಾಗುತ್ತದೆ. ಮಾಲಿಕೆಯೂ ಅಲ್ಲಿಗೆ ನಿಲ್ಲುತ್ತದೆ.

ನಾನು ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತಳಾದವಳು. ಅಣ್ಣನ ಮಗ ಮತ್ತು ಅವನ ಗೆಳೆಯರು ಭಾನುವಾರ ನಮ್ಮ ಮನೆಯಲ್ಲಿ ಸೇರುತ್ತಾರೆ. ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್ ಅವರಿಗೆ ಬೇಡ. ಹೆಚ್ಚು ಜನ ಓದದ, ಮಾರಾಟವಾಗದೆ ನಿಂತುಹೋದ, ಮತ್ತೆ ಮತ್ತೆ ಚಿಗುರಿದ ತಂಡಗಳೇ ಬೇಕು. ಕಾಫಿ ಲೋಟ ಆರಿದರೂ ವಾದ ಆರುವುದಿಲ್ಲ. ಕೇಳುತ್ತ ಕೇಳುತ್ತ ನಾನೂ ಆ ಪುಸ್ತಕಗಳನ್ನು ಓದಿದೆ. ಅವರು ತಮಾಷೆಗೆ ಜಗಳವಾಡುತ್ತಿಲ್ಲ; ಧರ್ಮದ ಒಂದು ಹಳೆಯ ಪ್ರಶ್ನೆಯ ಮೇಲೆ ಕುಳಿತಿದ್ದಾರೆ.

ಡೂಮ್ ಪಟ್ರೋಲ್ ಹುಟ್ಟಿದ್ದು 1963ರ ಜೂನ್ ಸಂಚಿಕೆಯಾಗಿ ಬಂದ ‘ಮೈ ಗ್ರೇಟೆಸ್ಟ್ ಅಡ್ವೆಂಚರ್’ 80ರಲ್ಲಿ. ಅರ್ನಾಲ್ಡ್ ಡ್ರೇಕ್ ಮತ್ತು ಬಾಬ್ ಹೇನಿ ಬರೆದರು, ಬ್ರೂನೋ ಪ್ರೆಮಿಯಾನಿ ಚಿತ್ರ ಬಿಡಿಸಿದರು. ಕಾರ್ ರೇಸಿನ ಅಪಘಾತದಲ್ಲಿ ಮೈಯೆಲ್ಲ ಹೋಗಿ, ಮಿದುಳು ಮಾತ್ರ ಉಳಿದು, ಲೋಹದ ದೇಹಕ್ಕೆ ಸೇರಿದ ಕ್ಲಿಫ್ ಸ್ಟೀಲ್. ವಿಕಿರಣಕ್ಕೆ ಸಿಕ್ಕಿ ಬದುಕಿಡೀ ಬ್ಯಾಂಡೇಜಿನೊಳಗೆ ಇರಬೇಕಾದ ಪೈಲಟ್ ಲ್ಯಾರಿ ಟ್ರೇನರ್. ಆಫ್ರಿಕಾದಲ್ಲಿ ಶೂಟಿಂಗ್ ನಡೆಯುವಾಗ ಭೂಮಿಯೊಳಗಿನ ವಿಚಿತ್ರ ಅನಿಲ ಉಸಿರಾಡಿ, ಬೇಕಾದಂತೆ ಬೆಳೆಯುವ, ಕುಗ್ಗುವ ಶಕ್ತಿ ಬಂದ ನಟಿ ರೀಟಾ ಫಾರ್. ಇವರನ್ನೆಲ್ಲ ಒಂದುಗೂಡಿಸಿದವನು ಗಾಲಿಕುರ್ಚಿಯ ವಿಜ್ಞಾನಿ ನೈಲ್ಸ್ ಕಾಲ್ಡರ್. ಎಲ್ಲರೂ ‘ಚೀಫ್’ ಎನ್ನುತ್ತಾರೆ. ಅದೇ ವರ್ಷದ ಸೆಪ್ಟೆಂಬರ್ ಸಂಚಿಕೆಯಾಗಿ ಬಂದ ‘ಎಕ್ಸ್-ಮೆನ್’ನಲ್ಲೂ ಗಾಲಿಕುರ್ಚಿಯ ಗುರು, ಲೋಕ ದೂರವಿಟ್ಟ ಶಿಷ್ಯರು. ಯಾರು ಯಾರನ್ನು ನೋಡಿ ಬರೆದರು ಎಂದು ನಮ್ಮ ಹುಡುಗರು ಸಂಜೆಗಟ್ಟಲೆ ಕಾದಾಡುತ್ತಾರೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ.

ನನ್ನನ್ನು ಹಿಡಿದಿದ್ದು ಅಣ್ಣನ ಮಗ ಎತ್ತಿದ ಆಕ್ಷೇಪ. ‘ಅತ್ತೆ, ಕ್ಲಿಫ್ 1977ರಲ್ಲಿ ವಾಪಸ್ ಬಂದ. ಎಂಬತ್ತರ ದಶಕ ಮುಗಿಯೋ ಹೊತ್ತಿಗೆ ಲ್ಯಾರಿ, ಚೀಫ್ ಇಬ್ರೂ ಬಂದ್ರು. ರೀಟಾ ಒಬ್ಳು ತಡವಾಗಿ, ಈ ಶತಮಾನದಲ್ಲಿ ಬಂದ್ಳು. ವಾಪಸ್ ಬಂದವರ ಸಾವು ಸಾವೇ ಅಲ್ಲ. ಸಾವೇ ಅಲ್ಲದ ಮೇಲೆ ತ್ಯಾಗ ಎಲ್ಲಿಂದ ಬಂತು?’

ಈ ಪ್ರಶ್ನೆ ನನಗೆ ಹೊಸದಲ್ಲ. ಹರ್ಷನ ‘ನಾಗಾನಂದ’ ಪಾಠ ಹೇಳುವಾಗ ಪ್ರತಿ ತರಗತಿಯಲ್ಲೂ ಯಾರಾದರೊಬ್ಬರು ಕೇಳುತ್ತಿದ್ದರು. (ನಮ್ಮ ಇಮ್ಮಡಿ ಪುಲಕೇಶಿ ನರ್ಮದೆಯ ಬಳಿ ತಡೆದ ಅದೇ ಹರ್ಷ.) ಗರುಡನಿಗೆ ದಿನಕ್ಕೊಬ್ಬ ನಾಗ ಆಹಾರವಾಗಬೇಕು. ಆ ದಿನದ ಸರದಿ ಶಂಖಚೂಡನದು. ಅವನ ತಾಯಿ ಅಳುತ್ತಿದ್ದಾಳೆ. ವಿದ್ಯಾಧರ ರಾಜಕುಮಾರ ಜೀಮೂತವಾಹನ, ಆಗಷ್ಟೇ ಮದುವೆಯಾದವನು, ವಧ್ಯನ ಗುರುತಾದ ಕೆಂಪು ವಸ್ತ್ರ ಹೊದ್ದು ಬಂಡೆಯ ಮೇಲೆ ಮಲಗುತ್ತಾನೆ. ಗರುಡ ಅವನನ್ನು ಎತ್ತಿಕೊಂಡು ಹೋಗಿ ತಿನ್ನುತ್ತಾನೆ. ಸತ್ಯ ತಿಳಿದು ಪಶ್ಚಾತ್ತಾಪಪಡುವ ಹೊತ್ತಿಗೆ ಕಾಲ ಮೀರಿರುತ್ತದೆ. ಆಮೇಲೆ ಗೌರಿ ಬಂದು ಸತ್ತವನನ್ನು ಬದುಕಿಸುತ್ತಾಳೆ, ವಿದ್ಯಾಧರ ಚಕ್ರವರ್ತಿಯನ್ನಾಗಿಯೂ ಮಾಡುತ್ತಾಳೆ. ಹಿಂದೆ ಸತ್ತ ನಾಗರೂ ಅಮೃತದಿಂದ ಎದ್ದು ಬರುತ್ತಾರೆ.

ಈ ಮುಕ್ತಾಯದ ಮೇಲೆ ನಮ್ಮ ಆಲಂಕಾರಿಕರು ಶತಮಾನಗಟ್ಟಲೆ ವಾದ ಮಾಡಿದ್ದಾರೆ. ಒಂದು ಪಕ್ಷ ಈ ನಾಟಕದ ರಸ ಶಾಂತ ಎಂದಿತು. ‘ದಶರೂಪಕ’ಕ್ಕೆ ವ್ಯಾಖ್ಯಾನ ಬರೆದ ಧನಿಕ ಒಪ್ಪಲಿಲ್ಲ. ಹೆಂಡತಿ ಮಲಯವತಿಯ ಮೇಲೆ ಆ ಪಾಟಿ ಪ್ರೀತಿ, ಕೊನೆಗೆ ಚಕ್ರವರ್ತಿ ಪದವಿ. ಇಷ್ಟೆಲ್ಲ ಕೈಗೆ ಬಂದವನಲ್ಲಿ ಶಾಂತ ಹೇಗೆ ನಿಂತೀತು? ಇದು ದಯಾವೀರ ಎಂದ. ನನಗೆ ಧನಿಕನ ಮೇಲೆ ಗೌರವವಿದೆ. ಆದರೆ ಅವನು ಅಳೆದದ್ದು ನಾಟಕವನ್ನು, ನೋಡುವವನ ಎದೆಯಲ್ಲಿ ಕೊನೆಗೆ ಉಳಿಯುವುದನ್ನು. ಬಂಡೆಯ ಮೇಲೆ ಮಲಗಿದವನು ಏನು ಮಾಡಿದ ಎಂಬುದು ಬೇರೆ ಪ್ರಶ್ನೆ. ಗೌರಿಯ ವರದ ಸುಳಿವು ಮೊದಲ ಅಂಕದಲ್ಲೇ ಇದೆ. ಮಲಯವತಿಯ ಗಂಡ ಚಕ್ರವರ್ತಿಯಾಗುತ್ತಾನೆಂದು ದೇವಿ ಅವಳಿಗೆ ಕನಸಿನಲ್ಲಿ ಹೇಳಿರುತ್ತಾಳೆ. ಜೀಮೂತವಾಹನ ಆ ವರವನ್ನು ನೆಚ್ಚಿ ಮಲಗಲಿಲ್ಲ. ಅಳುತ್ತಿದ್ದ ತಾಯಿಯನ್ನು ನೋಡಿ ಮಲಗಿದ. ಅವನ ಕೆಲಸ ಅಲ್ಲಿಗೆ ಪೂರ್ತಿಯಾಯಿತು. ಮುಂದಿನದು ಗೌರಿಯ ಕೆಲಸ.

ಕ್ಲಿಫ್‌ನ ವಿಷಯವೂ ಹಾಗೆಯೇ. ದ್ವೀಪದ ಮೇಲೆ ನಿಂತವನಿಗೆ ತನ್ನ 1977 ಗೊತ್ತಿರಲಿಲ್ಲ. ಮರಳಿ ತಂದದ್ದು ಪಾಲ್ ಕೂಪರ್‌ಬರ್ಗ್ ಎಂಬ ಬೇರೊಬ್ಬ ಲೇಖಕ. ಆ ಋಣವನ್ನು ಕ್ಲಿಫ್‌ನ ಲೆಕ್ಕದಲ್ಲಿ ಕಳೆಯಲಾಗದು.

ಅಣ್ಣನ ಮಗನ ಮಾತಿನಲ್ಲಿ ಒಂದು ತಿರುಳು ಉಂಟು, ಅದನ್ನು ಬಿಡುವಂತಿಲ್ಲ. ಕಾಮಿಕ್ಸ್ ಲೋಕದಲ್ಲಿ ಸತ್ತವರು ಏಳುವುದು ಈಗ ರೂಢಿ. ಓದುವವನಿಗೆ ಸಾವು ರಜೆಯ ಮೇಲೆ ಹೋದಂತೆ ಕಾಣುತ್ತದೆ. ಇದರಿಂದ ಕೆಟ್ಟದ್ದು ಓದುಗನ ಮನಸ್ಸು, ಸತ್ತವನ ಕೃತ್ಯವಲ್ಲ. 1968ರ ಓದುಗನಿಗೆ ಆ ರೂಢಿ ಇರಲಿಲ್ಲ. ಕೊನೆಯ ಪುಟದಲ್ಲಿ ಸಂಪಾದಕ ಮರ್ರೇ ಬೋಲ್ಟಿನಾಫ್ ಮತ್ತು ಪ್ರೆಮಿಯಾನಿ ತಾವೇ ಚಿತ್ರದೊಳಗೆ ಬಂದು, ಇವರ ಹಣೆಬರಹ ಈಗ ನಿಮ್ಮ ಕೈಯಲ್ಲಿದೆ ಎಂದು ಓದುಗನ ಕಡೆ ತಿರುಗುತ್ತಾರೆ. ಕಥೆ ಬರೆದ ಡ್ರೇಕ್ ಆ ಪುಟದಲ್ಲಿ ಇಲ್ಲ. 1973ರಲ್ಲಿ ಮಾಲಿಕೆ ಮತ್ತೆ ಬಂದಾಗಲೂ ಮೂರು ಸಂಚಿಕೆಗಳಲ್ಲಿ ಅಚ್ಚಾದದ್ದು ಹಳೆಯ ಕಥೆಗಳೇ. ಒಂಬತ್ತು ವರ್ಷ ಆ ನಾಲ್ವರೂ ಸತ್ತೇ ಇದ್ದರು. ಹತ್ತು ವರ್ಷದ ಹುಡುಗನಾಗಿ ಆ ಸಂಚಿಕೆ ಓದಿದವನು, ಕ್ಲಿಫ್ ಏಳುವ ಹೊತ್ತಿಗೆ ಹತ್ತೊಂಬತ್ತಾಗಿದ್ದ. ಆ ನಡುವೆ ಅವನು ಪಟ್ಟ ದುಃಖವನ್ನು ಸುಳ್ಳೆನ್ನಲು ನಾನು ತಯಾರಿಲ್ಲ.

ಚೀಫ್‌ನ ವಿಷಯ ಹೆಚ್ಚು ಕಠಿಣ. 1989ರಲ್ಲಿ ಗ್ರಾಂಟ್ ಮಾರಿಸನ್ ಮಾಲಿಕೆಯನ್ನು ಕೈಗೆ ತೆಗೆದುಕೊಂಡು 1993ರವರೆಗೆ ಬರೆದರು. ಅವರ ಕಥೆಯ ಕೊನೆಯ ಭಾಗದಲ್ಲಿ ಒಂದು ಸತ್ಯ ಹೊರಬೀಳುತ್ತದೆ: ಕ್ಲಿಫ್, ಲ್ಯಾರಿ, ರೀಟಾ ಇವರ ಅಪಘಾತಗಳು ಅಪಘಾತಗಳೇ ಅಲ್ಲ, ಹಿಂದೆ ನಿಂತು ಮಾಡಿಸಿದವನು ಕಾಲ್ಡರ್. ಸಂಕಟದಿಂದ ದೊಡ್ಡ ಮನುಷ್ಯರು ಹುಟ್ಟುತ್ತಾರೆಂಬ ನಂಬಿಕೆಯಿಂದ ಅವರ ಬದುಕನ್ನೇ ಮುರಿದಿದ್ದ. ಇದನ್ನು ಓದಿದ ಮೇಲೆ ಆ ಗುಂಪಿನ ಒಬ್ಬಳು ಹುಡುಗಿ, ‘ಆಂಟಿ, ಕಾಡ್ಸ್‌ವಿಲ್‌ಗಾಗಿ ಸತ್ತದ್ದು ಮೂರೇ ಜನ. ನಾಲ್ಕನೆಯವನನ್ನು ಲೆಕ್ಕಕ್ಕೆ ಹಿಡೀಬೇಡಿ’ ಅಂದಳು. ಅವಳ ಸಿಟ್ಟು ನ್ಯಾಯವಾದದ್ದೇ. ಆದರೆ ನಮ್ಮ ಕರ್ಮಸಿದ್ಧಾಂತ ಹಾಗೆ ಕೂಡಿಸಿ ಕಳೆಯುವುದಿಲ್ಲ. ಒಂದು ಅರೆಸುಳ್ಳಿಗಾಗಿ ಧರ್ಮರಾಯ ನರಕ ನೋಡಬೇಕಾಯಿತು. ಬದುಕಿಡೀ ನಡೆದ ಧರ್ಮ ಆ ನರಕವನ್ನು ತಪ್ಪಿಸಲಿಲ್ಲ, ಆ ನರಕ ಅವನ ಸ್ವರ್ಗವನ್ನೂ ಕಸಿಯಲಿಲ್ಲ. ಕಾಲ್ಡರ್ ಮೂವರಿಗೆ ಬಗೆದ ಪಾಪ ಹದಿನಾಲ್ಕು ಜನರ ಹೆಸರಿನಲ್ಲಿ ತೊಳೆದುಹೋಗುವುದಿಲ್ಲ. ಹದಿನಾಲ್ಕು ಜನರಿಗಾಗಿ ಅವನು ಸತ್ತದ್ದು ಆ ಪಾಪದಿಂದ ಸುಳ್ಳಾಗುವುದೂ ಇಲ್ಲ. ಎರಡಕ್ಕೂ ಫಲ ಬೇರೆ ಬೇರೆ, ಎರಡನ್ನೂ ಉಣ್ಣಬೇಕಾದವನು ಅವನೇ.

ಸಂಖ್ಯೆಯ ವಾದವೂ ಇದೆ. ಆ ನಾಲ್ವರು ಬದುಕಿದ್ದರೆ ಮುಂದೆ ಸಾವಿರಾರು ಜನರನ್ನು ಉಳಿಸುತ್ತಿದ್ದರಲ್ಲ, ಹದಿನಾಲ್ಕು ಯಾವ ಲೆಕ್ಕ? ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಇದನ್ನು ಬಹಳ ಗಟ್ಟಿಯಾಗಿ ಹೇಳುತ್ತಾನೆ. ಜಾಲ್ ಕಾದದ್ದು ಇದೇ ಮಾತಿಗೆ. ಇನ್ನೊಬ್ಬರ ಜೀವದ ಬೆಲೆಯನ್ನು ನಮ್ಮ ಉಪಯೋಗದ ಮುಂದೆ ಇಟ್ಟು ತೂಗಲು ಶುರುಮಾಡಿದರೆ ಅವನು ಗೆದ್ದಂತೆ. ಶಂಖಚೂಡ ಒಬ್ಬನೇ ಇದ್ದ; ವಿದ್ಯಾಧರರ ರಾಜಕುಮಾರನ ಮುಂದೆ ಅವನ ತೂಕವೆಷ್ಟು ಎಂದು ನಾಟಕದಲ್ಲಿ ಯಾರೂ ಕೇಳುವುದಿಲ್ಲ.

ಡ್ರೇಕ್ ಮುಂದೆ ಏನು ಬರೆದರು ಎಂಬುದನ್ನು ಈ ವಾದದಲ್ಲಿ ಯಾರೂ ಎತ್ತುವುದಿಲ್ಲ, ನನಗೆ ಅದು ಬೇಸರ. 1969ರ ಜನವರಿ ಸಂಚಿಕೆಯಾಗಿ ಬಂದ ‘ಮಾರ್ವೆಲ್ ಸೂಪರ್-ಹೀರೋಸ್’ 18ರಲ್ಲಿ, ಜೀನ್ ಕೋಲನ್ ಚಿತ್ರಗಳೊಂದಿಗೆ, ಅವರು ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಯನ್ನು ಹುಟ್ಟಿಸಿದರು. 2014ರ ಸಿನಿಮಾದ ತಂಡ ಅಲ್ಲ. ಆ ತಂಡ 2008ರ ಕಾಮಿಕ್ಸಿನಿಂದ ಬಂದದ್ದು. ಡ್ರೇಕ್ ಅವರ ತಂಡದಲ್ಲಿ ಸಾವಿರ ವರ್ಷ ನಿದ್ದೆಯಲ್ಲಿ ಪಯಣಿಸಿ ತನ್ನ ಕಾಲವನ್ನೇ ಕಳೆದುಕೊಂಡ ವ್ಯಾನ್ಸ್ ಆಸ್ಟ್ರೋ, ಗುರುಗ್ರಹದ ಚಾರ್ಲಿ-27, ಪ್ಲೂಟೋದ ಮಾರ್ಟಿನೆಕ್ಸ್, ಆಲ್ಫಾ ಸೆಂಟಾರಿಯ ಯೊಂಡು. ಬಡೂನರೆಂಬ ಅನ್ಯಗ್ರಹದವರು ನೆಲ ಕಬಳಿಸಿದ ಮೇಲೆ ತಮ್ಮವರಿಲ್ಲದೆ ಉಳಿದವರು ಇವರು. ಎಲ್ಲರಿಗಾಗಿ ಸತ್ತ ನಾಲ್ವರನ್ನು ಬರೆದ ಕೈ, ಕೆಲವೇ ತಿಂಗಳಲ್ಲಿ, ಎಲ್ಲರನ್ನೂ ಕಳೆದುಕೊಂಡು ಬದುಕಬೇಕಾದ ನಾಲ್ವರನ್ನು ಬರೆಯಿತು. ಎರಡನ್ನೂ ಒಟ್ಟಿಗೆ ಓದಬೇಕು. ಉಳಿದವನ ಧರ್ಮ ಸತ್ತವನದಕ್ಕಿಂತ ಹಗುರವಲ್ಲ, ಮುಗಿಯುವುದೂ ಇಲ್ಲ.

1977ರಲ್ಲಿ ಕ್ಲಿಫ್ ಕಣ್ತೆರೆದಾಗ ಹೊಸ ಡೂಮ್ ಪಟ್ರೋಲನ್ನು ಕಟ್ಟಿದ್ದವಳು ಅರಾನಿ ದೇಸಾಯಿ, ಭಾರತದವಳು, ತಾನು ಕಾಲ್ಡರ್‌ನ ಹೆಂಡತಿ ಎಂದು ಹೇಳಿಕೊಂಡವಳು. ಶಾಖ, ಚಳಿ ಎರಡೂ ಅವಳ ಕೈಯಲ್ಲಿ. 1988ರ ‘ಇನ್ವೇಷನ್’ ಕಥೆಯಲ್ಲಿ ಸತ್ತಳು. ಆ ನಾಲ್ವರ ಹೆಸರಿಗೆ ಸಿಗುವ ಪ್ರೀತಿಯಲ್ಲಿ ಕಾಲು ಪಾಲೂ ಅವಳಿಗಿಲ್ಲ. ಮರಳಿ ಬಂದವರ ತ್ಯಾಗವನ್ನು ಶಂಕಿಸುವ ನನ್ನ ಹುಡುಗರು ಮೊದಲು ಇವಳ ಸಾವನ್ನು ಓದಲಿ ಎಂದು ಹಟ ಹಿಡಿದಿದ್ದೇನೆ. ಇಬ್ಬರು ಓದಿದ್ದಾರೆ. ಅಣ್ಣನ ಮಗ ಇನ್ನೂ ಓದಿಲ್ಲ.