ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯ



ಬೆಟ್ಟದ ದರ್ಶನ ಮುಗಿಸಿ ಹಾಸನದ ಕಡೆ ಇಳಿಯುವ ಅನೇಕರು, ಶೆಟ್ಟಿಹಳ್ಳಿಯ ‘ಮುಳುಗುವ ಚರ್ಚು’ ನೋಡಿಕೊಂಡು ಹೋಗೋಣ ಅನ್ನುತ್ತಾರೆ. ಧಾರಾಳವಾಗಿ ಹೋಗಿ ಬನ್ನಿ. ಆದರೆ ಫೋಟೋ ತೆಗೆಯುವ ಮುಂಚೆ ಒಂದು ನಿಮಿಷ ಸುಮ್ಮನೆ ನಿಲ್ಲಿ.

ಈ ಸೀಮೆಯ ಕ್ರೈಸ್ತರ ಕಥೆ ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರು ಅಬ್ಬೆ ದುಬ್ವಾ, ಚದುರಿಹೋಗಿದ್ದ ವಿಶ್ವಾಸಿಗಳನ್ನು ಒಟ್ಟುಮಾಡಿ ಹಾಸನದ ಹತ್ತಿರದ ಸಾಥಳ್ಳಿಯಲ್ಲಿ ಬೇಸಾಯಕ್ಕೆ ನೆಲೆ ಮಾಡಿಕೊಟ್ಟರು. ಸಿಡುಬು ಊರೂರನ್ನೇ ತಿನ್ನುತ್ತಿದ್ದಾಗ ಜನಕ್ಕೆ ದೇವಿ ಹಾಕಿಸಿದವರೂ ಅವರೇ. ಮೊದಲು ಹೊಟ್ಟೆಗೆ ದಾರಿ, ಆಮೇಲೆ ಪ್ರಸಂಗ!

ಶೆಟ್ಟಿಹಳ್ಳಿ ದೇವಾಲಯ 1860ರ ಸುಮಾರಿಗೆ ಫ್ರೆಂಚ್ ಗುರುಗಳು ಕಟ್ಟಿಸಿದ್ದು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಹೇಳಿಕೆ. ಸಕಲೇಶಪುರದ ಸೇತುವೆ ಕೆಳಗೆ ಹರಿಯುವ ಇದೇ ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಬಂತು, 1979ರಲ್ಲಿ ಮುಗಿಯಿತು. ಹಿನ್ನೀರು ಏರಿತು, ಜನ ಊರು ಬಿಟ್ಟರು. ಮಗುವಿಗೆ ಸ್ನಾನದೀಕ್ಷೆ ಕೊಡಿಸಿದ ಜಾಗ, ತಾಳಿ ಕಟ್ಟಿದ ಜಾಗ, ಹೆತ್ತವರ ಸಾವಿಗೆ ಪೂಜೆ ಮಾಡಿಸಿದ ಜಾಗ ಬಿಟ್ಟು ಏಳುವುದು ಸಾಮಾನ್ಯವೇ? ಪರಿಹಾರದ ಹಣದಲ್ಲಿ ಅದಕ್ಕೆ ಲೆಕ್ಕವೇ ಇಲ್ಲ.

ಸಂತ ಪೇತ್ರರು ತಮ್ಮ ಮೊದಲ ಪತ್ರವನ್ನು ಬರೆದದ್ದು ಹೀಗೇ ನೆಲೆ ತಪ್ಪಿ ಚದುರಿದವರಿಗೆ. ಅಂಥವರನ್ನೇ ಜೀವಂತ ಕಲ್ಲುಗಳೆಂದು ಕರೆದರು. ನಾಲ್ಕು ಗೋಡೆಯನ್ನಲ್ಲ.

ಮಳೆಗಾಲದಲ್ಲಿ ಅಲ್ಲಿ ನೀರು ತುಂಬಿರುತ್ತದೆ. ಬೇಸಿಗೆಯಲ್ಲಿ ಒಳಗೆ ನಡೆದು ಹೋಗಬಹುದು. ಗೋಡೆ ಹತ್ತಬೇಡಿ, ಹೆಸರು ಕೆತ್ತಬೇಡಿ. ಊರು ಕಳೆದುಕೊಂಡವರನ್ನು ನೆನೆದು ಒಂದು ‘ನಮೋ ಮರಿಯ’ ಹೇಳಿ ಬನ್ನಿ.