ಶಿಶಿಕ್ಷುವಿನ ಕೈಬರಹ ಮತ್ತು ಅನುಮೋದನೆಯ ಹೊಣೆ

ವಿಶ್ವವಿದ್ಯಾನಿಲಯವೆಂದೊಡನೆ ಜನರ ಕಣ್ಣಮುಂದೆ ಬರುವುದು ತರಗತಿ, ಗ್ರಂಥಾಲಯ ಮತ್ತು ಘಟಿಕೋತ್ಸವದ ವೇದಿಕೆ. ಆದರೆ ವಿದ್ಯಾರ್ಥಿಯ ಹಲವು ವರ್ಷಗಳ ಪರಿಶ್ರಮವು ಅಂಕಪಟ್ಟಿಯಾಗಿ, ಪದವಿ ಪ್ರಮಾಣಪತ್ರವಾಗಿ ಅವನ ಕೈಸೇರುವುದು ಆಡಳಿತ ಕಚೇರಿಯ ಅನೇಕ ಮೇಜುಗಳನ್ನು ದಾಟಿದ ಮೇಲೆಯೇ. ಆ ಮೇಜುಗಳಲ್ಲೆಲ್ಲ ಅತ್ಯಂತ ಕಿರಿದಾದುದು ಶಿಶಿಕ್ಷುವಿನದು. ಜನರ ಮಾತಿನಲ್ಲಿ ಅವನೇ ಅಪ್ರೆಂಟಿಸ್.

1961ರ ಶಿಶಿಕ್ಷು ಕಾಯಿದೆಯು ಮೊದಲು ಕಾರ್ಖಾನೆಯ ಕಸಬುಗಳಿಗಾಗಿ ರಚಿತವಾಯಿತು. 1973ರ ತಿದ್ದುಪಡಿಯು ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ಅದರೊಳಗೆ ತಂದಿತು. 2014ರ ತಿದ್ದುಪಡಿಯ ತರುವಾಯ ಕಲೆ, ವಾಣಿಜ್ಯ ಮುಂತಾದ ವಿಷಯಗಳ ಪದವೀಧರರಿಗೂ ಬಾಗಿಲು ತೆರೆಯಿತು. ಈ ಕಾಯಿದೆಯ ದೃಷ್ಟಿಯಲ್ಲಿ ಶಿಶಿಕ್ಷು ಕಲಿಯುವವನೇ ಹೊರತು ಕೆಲಸಗಾರನಲ್ಲ. ಅವನು ಶಿಷ್ಯವೇತನ ಪಡೆಯುತ್ತಾನೆ, ಹಿರಿಯರು ಹೇಳಿದ್ದನ್ನು ಬರೆಯುತ್ತಾನೆ. ಆದರೆ ಕಡತದ ಮೇಲೆ ಅವನ ಸಹಿ ಬೀಳುವುದಿಲ್ಲ. ಹೀಗಿರುವಾಗ ಒಂದು ಪ್ರಶ್ನೆ ಏಳುತ್ತದೆ. ಸಹಿಯಿಲ್ಲದ ಕೈ ಮಾಡಿದ ಕಾರ್ಯದ ಹೊಣೆ ಯಾರದು?

ಕಚೇರಿಯ ಪಾಠಗಳು ಸರಳವಾಗಿಯೇ ಆರಂಭವಾಗುತ್ತವೆ. ಬೆಳಗಿನ ಟಪಾಲನ್ನು ಒಡೆಯುವುದು, ದಿನಾಂಕದ ಮೊಹರು ಒತ್ತುವುದು, ಸ್ವೀಕೃತಿ ವಹಿಯಲ್ಲಿ ಕ್ರಮಸಂಖ್ಯೆ ಕೊಡುವುದು, ಸಂಬಂಧಪಟ್ಟ ಕಡತಕ್ಕೆ ಕಾಗದವನ್ನು ಸೇರಿಸುವುದು. ಅನಂತರ ಟಿಪ್ಪಣಿ ಬರೆಯುವ ಕ್ರಮ. ವಿಷಯ ನಿರ್ವಾಹಕನಿಂದ ಅಧೀಕ್ಷಕರಿಗೆ, ಅವರಿಂದ ಸಹಾಯಕ ಕುಲಸಚಿವರಿಗೆ, ಕೊನೆಗೆ ಕುಲಸಚಿವರಿಗೆ ಕಡತವು ಮೆಟ್ಟಿಲು ಹತ್ತುತ್ತದೆ. ಕೆಳಗಿನವನು ‘ಅನುಮೋದನೆಗಾಗಿ ಮಂಡಿಸಿದೆ’ ಎಂದು ಬರೆದರೆ ಮೇಲಿನವರು ‘ಅನುಮೋದಿಸಿದೆ’ ಎಂದು ಬರೆಯುತ್ತಾರೆ. ಕೆಳಗಿನವನು ನಿರ್ಧಾರ ತನ್ನದಲ್ಲವೆಂದೂ, ಮೇಲಿನವರು ಬರಹ ತಮ್ಮದಲ್ಲವೆಂದೂ ಸಮಾಧಾನ ತಾಳಲು ಈ ಮೆಟ್ಟಿಲುಗಳು ಅವಕಾಶ ಕೊಡುತ್ತವೆ.

ಇಂತಹ ಕಚೇರಿಯಲ್ಲಿ ನಡೆಯಬಹುದಾದ ಒಂದು ಪ್ರಸಂಗವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಅರ್ಜಿಗಳು ಕಾಗದದಲ್ಲಿಯೇ ಬರುವ ಮೌಲ್ಯಮಾಪನ ವಿಭಾಗ. ಅಲ್ಲಿ ವಾಣಿಜ್ಯ ಪದವಿ ಮುಗಿಸಿದ ಯುವತಿಯೊಬ್ಬಳು ಶಿಶಿಕ್ಷು. ಮರುಮೌಲ್ಯಮಾಪನದ ಅರ್ಜಿಗೆ ಕಡೆಯ ದಿನ ಕಳೆದಿದೆ. ಮರುದಿನ ಬೆಳಿಗ್ಗೆ ದೂರದ ಹಳ್ಳಿಯಿಂದ ರಾತ್ರಿಯ ಬಸ್ಸಿನಲ್ಲಿ ಬಂದ ಹುಡುಗನೊಬ್ಬನು ಕಿಟಕಿಯ ಮುಂದೆ ನಿಲ್ಲುತ್ತಾನೆ. ‘ದಿನಾಂಕ ಮುಗಿದಿದೆ’ ಎಂದು ಅವನನ್ನು ಹಿಂದೆ ಕಳುಹಿಸುವವಳು ಅವಳೇ, ನಿಯಮವು ಹಾಗಿತ್ತು. ಅದರ ಮರುದಿನ ಹಿರಿಯ ವಿಷಯ ನಿರ್ವಾಹಕರು ತಮ್ಮ ಬಂಧುವಿನ ಮಗನ ಅರ್ಜಿಯನ್ನು ತರುತ್ತಾರೆ. ವಹಿಯಲ್ಲಿ ಕಡೆಯ ದಿನದ ಪುಟದ ಅಡಿಯಲ್ಲಿ ಒಂದು ಸಾಲು ಖಾಲಿಯಿದೆ. “ಇದೊಂದನ್ನು ಇಲ್ಲಿ ಬರೆದುಬಿಡಮ್ಮ. ಇದರಿಂದ ಯಾರಿಗೇನು ನಷ್ಟ?” ಎನ್ನುತ್ತಾರೆ. ಅವರು ಕೆಟ್ಟವರಲ್ಲ. ಅವಳಿಗೆ ಕಚೇರಿಯ ಅಕ್ಷರಾಭ್ಯಾಸ ಮಾಡಿಸಿದವರು ಅವರೇ. ವರ್ಷಾಂತ್ಯದಲ್ಲಿ ಅವಳ ಬಗೆಗೆ ಒಳ್ಳೆಯ ಮಾತು ಬರೆಯಬೇಕಾದವರೂ ಅವರೇ. ಅವಳು ಬರೆಯುತ್ತಾಳೆ.

ಈ ಒಂದು ಸಾಲಿನ ತೂಕವೆಷ್ಟು? ಲೌಕಿಕವಾಗಿ ನೋಡಿದರೆ ಅತ್ಯಲ್ಪ. ಶಾಸ್ತ್ರದ ತಕ್ಕಡಿ ಬೇರೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಲೇಖವನ್ನು ರಚಿಸುವುದನ್ನು, ಹೆಸರಿಸಿ ಹೇಳಿದೆ. ಮಾತಿನ ಸುಳ್ಳು ಕೇಳಿದವನ ಕಿವಿಯವರೆಗೆ. ಲೇಖದ ಸುಳ್ಳು ಅದನ್ನು ನಂಬಿ ಮುಂದೆ ಸಹಿ ಹಾಕುವ ಪ್ರತಿಯೊಬ್ಬರನ್ನೂ ತನ್ನ ಸಾಕ್ಷಿಯನ್ನಾಗಿ ಮಾಡಿಕೊಳ್ಳುತ್ತದೆ.

ಅದೇ ಗ್ರಂಥವು ಕರ್ಮಾಸ್ರವಕ್ಕೆ ಆಧಾರವಾಗುವ ಕ್ರಿಯೆಗಳನ್ನು ವಿಂಗಡಿಸುವ ಬಗೆಯೂ ಇಲ್ಲಿ ಪ್ರಸ್ತುತ. ಸಂಕಲ್ಪ, ಸಾಧನಗಳ ಜೋಡಣೆ, ಆರಂಭ ಎಂಬ ಮೂರು. ಅವು ಮನ, ವಚನ, ಕಾಯಗಳಿಂದ. ತಾನೇ ಮಾಡಿದುದು, ಮಾಡಿಸಿದುದು, ಅನುಮೋದಿಸಿದುದು ಎಂಬ ಮೂರು ಬಗೆಯಿಂದ. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳಿಂದ ಗುಣಿಸಿದರೆ 108 ಆಗುತ್ತವೆ. ಜಪಮಾಲೆಯ ಮಣಿಗಳಿಗೆ ಈ ಲೆಕ್ಕವನ್ನು ಹೇಳುವ ರೂಢಿ ಎಷ್ಟೋ ಮನೆಗಳಲ್ಲಿದೆ. ಕಚೇರಿಯ ಟಿಪ್ಪಣಿಯಲ್ಲಿರುವ ಅನುಮೋದನೆ ಎಂಬ ಪದವೇ ಈ ಗಣನೆಯಲ್ಲಿಯೂ ಇರುವುದು ಗಮನಾರ್ಹ. ಕಚೇರಿಯಲ್ಲಿ ಅದು ಹೊಣೆಯನ್ನು ಹಂಚಿ ಹಗುರಾಗಿಸುವಂತೆ ತೋರುತ್ತದೆ. ಶಾಸ್ತ್ರದಲ್ಲಿ ಹಂಚಿಕೆಯಿಲ್ಲ. ಒಂದು ರೂಪಾಯಿಯನ್ನು ಮೂವರು ಪಾಲು ಮಾಡಿಕೊಳ್ಳುವಂತೆ ಒಂದು ದೋಷವನ್ನು ಮಾಡಿದವನು, ಮಾಡಿಸಿದವನು, ಒಪ್ಪಿದವನು ಪಾಲು ಮಾಡಿಕೊಳ್ಳಲಾರರು. ಪ್ರತಿಯೊಬ್ಬನಿಗೂ ಅವನವನ ಭಾವಕ್ಕೆ ತಕ್ಕ ಬಂಧವುಂಟು.

ಹಾಗಾದರೆ ಆ ಯುವತಿಯೂ ಆಕೆಯಿಂದ ಬರೆಸಿದ ಹಿರಿಯರೂ ಸಮಾನ ದೋಷಿಗಳೆ? ಹಾಗೆನ್ನುವುದು ನ್ಯಾಯವಲ್ಲ, ಶಾಸ್ತ್ರವೂ ಹಾಗೆನ್ನುವುದಿಲ್ಲ. ಭಾವದ ತೀವ್ರತೆ ಮತ್ತು ಮಂದತೆ, ತಿಳಿದು ಮಾಡಿದುದು ಮತ್ತು ತಿಳಿಯದೆ ಮಾಡಿದುದು, ಶಕ್ತಿಯ ಹೆಚ್ಚುಕಡಿಮೆ ಇವುಗಳಿಂದ ಆಸ್ರವದಲ್ಲಿ ಭೇದವಿದೆ. ಅವಳದು ಲೋಭವಲ್ಲ, ಭಯ ಮತ್ತು ದಾಕ್ಷಿಣ್ಯ. ಆದುದರಿಂದ ಅವಳ ಹೊರೆ ಹಗುರ. ಆದರೆ ಹಗುರವಾದುದೆಲ್ಲ ಶೂನ್ಯವಲ್ಲ. ಅವಳಿಗೆ ತಿಳಿದಿತ್ತು; ಏಕೆಂದರೆ ಹಿಂದಿನ ದಿನ ಆ ಹುಡುಗನ ಮುಖವನ್ನು ಕಂಡವಳು ಅವಳೊಬ್ಬಳೇ. ‘ಯಾರಿಗೇನು ನಷ್ಟ’ ಎಂಬ ಪ್ರಶ್ನೆಗೆ ಉತ್ತರ ಅವಳ ಬಳಿಯೇ ಇತ್ತು.

ಕಲಿಯುವವನು ಹೊಣೆಗಾರನಲ್ಲವೆಂಬ ವಾದದಲ್ಲಿ ಮತ್ತೊಂದು ಅಪಾಯವೂ ಅಡಗಿದೆ. ಕಲಿಯುವ ಕಾಲದಲ್ಲಿಯೇ ಕೈಯ ರೂಢಿ ನೆಲೆಗೊಳ್ಳುವುದು. ಮೊಹರನ್ನು ನೇರವಾಗಿ ಒತ್ತಲು ಕಲಿತ ಕೈ ಹಿಂದಿನ ದಿನಾಂಕಕ್ಕೆ ತಿರುಗಿಸಿ ಒತ್ತಲೂ ಅದೇ ವರ್ಷ ಕಲಿಯುತ್ತದೆ. ಇಂದು ಅನೇಕ ಕಡೆ ಅರ್ಜಿಗಳು ಗಣಕಯಂತ್ರದ ಮೂಲಕ ಬರುತ್ತವೆ, ದಿನಾಂಕವನ್ನು ಯಂತ್ರವೇ ದಾಖಲಿಸುತ್ತದೆ. ಆದರೂ ಒಬ್ಬರ ಗುಪ್ತಪದದಿಂದ ಮತ್ತೊಬ್ಬರು ಒಪ್ಪಿಗೆಯ ಗುಂಡಿ ಒತ್ತುವಲ್ಲಿ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಉಳಿದೇ ಇದೆ.

ದಾರಿ ಮುಚ್ಚಿಲ್ಲ. ಕಚೇರಿಗಳಲ್ಲಿ ತಪ್ಪು ನಮೂದನ್ನು ತಿದ್ದುವುದಕ್ಕೆ ಒಳ್ಳೆಯದೊಂದು ಪದ್ಧತಿಯಿದೆ. ತಪ್ಪನ್ನು ಕೆರೆದು ಅಳಿಸಬಾರದು, ಬಿಳಿಯ ಬಣ್ಣ ಬಳಿಯಬಾರದು. ಕೆಳಗಿನ ಅಕ್ಷರ ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದುದನ್ನು ಬರೆದು, ದಿನಾಂಕದೊಡನೆ ಕಿರುಸಹಿ ಪಡೆಯಬೇಕು. ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದಾದ ಆಲೋಚನಾ, ಅಂದರೆ ಗುರುವಿನ ಮುಂದೆ ದೋಷವನ್ನು ಮುಚ್ಚದೆ ಹೇಳುವುದು, ಇದಕ್ಕಿಂತ ಭಿನ್ನವಲ್ಲ. ದೃಷ್ಟಾಂತದ ಯುವತಿ ಮರುದಿನ ವಹಿಯನ್ನು ಅಧೀಕ್ಷಕರ ಮುಂದಿಟ್ಟು, “ಈ ಸಾಲನ್ನು ನಾನು ತಪ್ಪು ದಿನಾಂಕಕ್ಕೆ ಬರೆದಿದ್ದೇನೆ ಸರ್” ಎಂದಳೆನ್ನೋಣ. ಬರೆಸಿದವರ ಹೆಸರನ್ನು ಅವಳು ಮುಂದಿಡಲಿಲ್ಲ. ಕೇಳಿದ್ದರೆ ಮುಚ್ಚುತ್ತಲೂ ಇರಲಿಲ್ಲ. ಗೆರೆ ಎಳೆಯಲಾಯಿತು. ಅರ್ಜಿ ನಿಜವಾದ ದಿನಾಂಕಕ್ಕೆ ದಾಖಲಾಗಿ, ವಿಳಂಬವನ್ನು ಮನ್ನಿಸಬಹುದೆ ಎಂಬ ಪ್ರಶ್ನೆಯೊಡನೆ ತೆರೆದ ಟಿಪ್ಪಣಿಯಾಗಿ ಮೇಲೆ ಹೋಯಿತು. ದಯೆಗೂ ಒಂದು ನೇರವಾದ ಮಾರ್ಗವುಂಟು. ಅದು ಎಲ್ಲರಿಗೂ ಕಾಣುವಂತಿರುತ್ತದೆ.

ಇಷ್ಟಾದರೂ ಒಂದು ಉಳಿಯಿತು. ವಿಳಂಬವನ್ನು ಮನ್ನಿಸಿದರೆ ಅದೇ ಅವಕಾಶ ಆ ಹಳ್ಳಿಯ ಹುಡುಗನಿಗೂ ಸಲ್ಲಬೇಕು. ಅವಳು ವಹಿಯ ಪುಟಗಳನ್ನು ತಿರುವಿದಳು. ಅವನ ಹೆಸರೂ ಊರೂ ಎಲ್ಲಿಯೂ ಇರಲಿಲ್ಲ. ಬಂದವರಿಗೆ ವಹಿಯಲ್ಲಿ ಸಾಲುಂಟು, ಕಿಟಕಿಯಿಂದಲೇ ಹಿಂದಿರುಗಿದವರಿಗಿಲ್ಲ.

ಬಸದಿಯ ಲೆಕ್ಕಪತ್ರಗಳನ್ನು ಓದದೆಯೇ ಅಂಗೀಕರಿಸುವ ಸದಸ್ಯನಿಗೂ, ಅಂಗಡಿಯ ಖಾತೆಗೆ ತಂದೆ ಹೇಳಿದ್ದನ್ನು ಬರೆಯುವ ಮಗನಿಗೂ ಈ ಪ್ರಶ್ನೆ ಹೊರತಲ್ಲ. ಮಕ್ಕಳು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಮನೆಯವರು ಕೇಳುವುದು ಎಷ್ಟು ಕೊಡುತ್ತಾರೆಂಬುದನ್ನು. ಯಾವುದಕ್ಕೆ ‘ಆಗಲಿ’ ಎಂದೆ, ಯಾರನ್ನು ಹಿಂದೆ ಕಳುಹಿಸಿದೆ ಎಂದೂ ಒಮ್ಮೆ ಕೇಳಿದರೆ, ಕಲಿಯುವ ಕೈಗೆ ಅದಕ್ಕಿಂತ ಒಳ್ಳೆಯ ಪಾಠ ಮತ್ತೊಂದಿಲ್ಲ.