ನಿಷಿದ್ಧಜ್ಞಾನವೂ ಅಧಿಕಾರಿಭೇದವೂ

ಮನುಷ್ಯನ ಅಂತಃಕರಣವನ್ನು ಕೆಡಿಸಬಲ್ಲ ಮಾತುಗಳೂ ಚಿತ್ರಗಳೂ ಲೋಕದಲ್ಲಿವೆಯೆಂಬುದನ್ನೂ, ಎಳೆಯರನ್ನು ಅವುಗಳಿಂದ ಕಾಪಾಡುವುದು ಹಿರಿಯರ ಕರ್ತವ್ಯವೆಂಬುದನ್ನೂ ನಾನು ಒಪ್ಪುತ್ತೇನೆ. ಆದಕಾರಣ ನಿಷೇಧವೆಂದೊಡನೆಯೇ ಅದನ್ನು ಅಧರ್ಮವೆಂದು ತಳ್ಳಿಬಿಡುವುದು ವಿಚಾರಶೀಲರಿಗೆ ತಕ್ಕುದಲ್ಲ. ವಿಚಾರ ಮಾಡಬೇಕಾದುದು ಬೇರೊಂದು: ಇದು ಆತ್ಮಕ್ಕೆ ಅಹಿತವೆಂದು ಸಮಸ್ತ ಪ್ರಜೆಗಳಿಗೂ ಸಾರಿ ತಡೆಹಾಕಿದ ಪ್ರಭುತ್ವವು, ಅದೇ ವಸ್ತುವನ್ನು ತನ್ನ ಆಪ್ತರಿಗೆ ಮಾತ್ರ ಸದ್ದಿಲ್ಲದೆ ಒದಗಿಸುತ್ತಿದ್ದರೆ, ಆ ತಡೆಗೆ ಧರ್ಮದ ಆಧಾರವು ಉಳಿಯುವುದೆ?

ಇರಾನಿನಲ್ಲಿ ಇದು ನಿತ್ಯಜೀವನದ ಪ್ರಶ್ನೆಯಾಗಿದೆ. 2009ರ ಚುನಾವಣೆಯ ಕ್ಷೋಭೆಯ ಕಾಲದಲ್ಲಿ ಫೇಸ್‌ಬುಕ್, ಟ್ವಿಟರ್‌ಗಳೂ, 2018ರಲ್ಲಿ ಟೆಲಿಗ್ರಾಮೂ, 2022ರಲ್ಲಿ ಪೊಲೀಸರ ವಶದಲ್ಲಿದ್ದ ಯುವತಿ ಮಹ್ಸಾ ಅಮೀನಿಯ ಮರಣದಿಂದ ಚಳವಳಿ ಎದ್ದಾಗ ಇನ್‌ಸ್ಟಾಗ್ರಾಮೂ ಅಲ್ಲಿ ನಿಷಿದ್ಧವಾದವು. 2019ರ ನವೆಂಬರಿನಲ್ಲಿ ಪೆಟ್ರೋಲಿನ ಬೆಲೆಯೇರಿಕೆಯನ್ನು ವಿರೋಧಿಸಿ ಜನರು ಬೀದಿಗಿಳಿದಾಗಲಂತೂ, ದೇಶದೊಳಗಿನ ಜಾಲವೊಂದನ್ನುಳಿದು, ಹೊರಲೋಕದ ಸಂಪರ್ಕವನ್ನೇ ಸುಮಾರು ಒಂದು ವಾರ ಕಡಿದುಹಾಕಿದರು. ಸಾಮಾನ್ಯನಿಗೆ ಉಳಿದ ದಾರಿ, ಅಲ್ಲಿನವರು ಫಿಲ್ಟರ್‌ಶೆಕನ್ ಎಂದು ಕರೆಯುವ, ತಡೆಯನ್ನು ಮುರಿಯುವ ವಿಪಿಎನ್. ಅದಕ್ಕೆ ಹಣ ಬೇಕು, ಹಣ ತೆತ್ತರೂ ಅದು ಎಂದು ಕೈಕೊಡುವುದೋ ತಿಳಿಯದು. ಮನೆಯಲ್ಲೇ ಹೊಲಿದ ಬಟ್ಟೆಯನ್ನು ಇನ್‌ಸ್ಟಾಗ್ರಾಮಿನಲ್ಲಿ ಮಾರಿ ಸಂಸಾರ ತೂಗಿಸುವ ಹೆಂಗಸಿಗೆ ಈ ಖರ್ಚು ಒಂದು ಹೊಸ ತೆರಿಗೆಯೇ ಸರಿ. ಆದರೆ ಕೆಲವರಿಗೆ ಇದಾವುದರ ಹಂಗೂ ಇಲ್ಲ. ಅವರ ಫೋನಿನಲ್ಲಿರುವುದು ‘ಬಿಳಿ ಸಿಮ್’. ಅದಕ್ಕೆ ಶೋಧನೆಯಿಲ್ಲ, ತಡೆಯಿಲ್ಲ. 2025ರ ನವೆಂಬರಿನಲ್ಲಿ, ಈಗ ಎಕ್ಸ್ ಎಂದು ಹೆಸರು ಬದಲಿಸಿಕೊಂಡಿರುವ ಆ ಟ್ವಿಟರು, ಪ್ರತಿಯೊಂದು ಖಾತೆಯೂ ಯಾವ ದೇಶದಿಂದ ನಡೆಯುತ್ತಿದೆಯೆಂಬುದನ್ನು ತೋರಿಸತೊಡಗಿತು. ವಿಪಿಎನ್ ಬಳಸುವ ಸಾಮಾನ್ಯರು ಹೊರದೇಶಗಳಲ್ಲಿರುವಂತೆ ಕಂಡರು. ಹಲವು ಅಧಿಕಾರಸ್ಥರೂ ಅವರಿಗೆ ಸಮೀಪದ ಪತ್ರಕರ್ತರೂ ಇರಾನಿನಿಂದ ನೇರವಾಗಿಯೇ ಮಾತನಾಡುತ್ತಿರುವುದು ಎಲ್ಲರ ಕಣ್ಣಿಗೆ ಬಿತ್ತು.

ಆಯ್ದ ಕೆಲವರಿಗೆ ಕೊಡುವ ಇಂಥ ವಿನಾಯಿತಿಗೆ ಶಾಸ್ತ್ರದ ಮೂಲವಿಲ್ಲವೆನ್ನಲಾಗದು. ಶಿಯಾ ಧರ್ಮಶಾಸ್ತ್ರದಲ್ಲಿ ‘ದಾರಿ ತಪ್ಪಿಸುವ ಗ್ರಂಥ’ಗಳೆಂಬ ಒಂದು ಪ್ರಕರಣವಿದೆ, ಹತ್ತೊಂಬತ್ತನೆಯ ಶತಮಾನದ ಮಹಾಪಂಡಿತ ಶೇಖ್ ಮುರ್ತಜಾ ಅನ್ಸಾರಿಯವರು ತಮ್ಮ ‘ಮಕಾಸಿಬ್’ ಗ್ರಂಥದಲ್ಲಿ ಅದನ್ನು ಚರ್ಚಿಸಿದ್ದಾರೆ. ಅಂಥ ಗ್ರಂಥಗಳನ್ನು ಇಟ್ಟುಕೊಳ್ಳುವುದು ನಿಷಿದ್ಧ. ಆದರೆ ಅವುಗಳನ್ನು ಖಂಡಿಸಬಲ್ಲ ವಿದ್ವಾಂಸನು ಖಂಡಿಸುವ ಸಲುವಾಗಿ ಓದಬಹುದು. ರೋಮಿನ ಚರ್ಚು 1559ರಲ್ಲಿ ಹೊರಡಿಸಿ 1966ರವರೆಗೂ ಉಳಿಸಿಕೊಂಡಿದ್ದ ನಿಷಿದ್ಧಗ್ರಂಥಗಳ ಪಟ್ಟಿಯಲ್ಲಿಯೂ ಹೀಗೆಯೇ, ಯೋಗ್ಯರಿಗೆ ಓದಲು ವಿಶೇಷಾನುಮತಿ ದೊರೆಯುತ್ತಿತ್ತು. ಈ ವ್ಯವಸ್ಥೆಗಳನ್ನು ನಾನು ಸಮರ್ಥಿಸುವವನಲ್ಲ. ಆದರೂ ಅವುಗಳಲ್ಲಿ ಒಂದು ಪ್ರಾಮಾಣಿಕತೆಯಿತ್ತು: ಅನುಮತಿ ಪಡೆದವನ ಮೇಲೆ ಓದಿ, ವಿಚಾರಿಸಿ, ಉತ್ತರ ಹೇಳುವ ಭಾರವಿತ್ತು. ಬಿಳಿ ಸಿಮ್ಮನ್ನು ಪಡೆದವನ ಮೇಲೆ ಯಾವ ಭಾರವಿದೆ? ಸ್ಥಾನಬಲವೊಂದೇ ಅವನ ಯೋಗ್ಯತೆ, ಸೌಕರ್ಯವೊಂದೇ ಅವನ ಫಲ.

ನಮ್ಮ ವೇದಾಂತಿಗಳೂ ಅಧಿಕಾರಿಯ, ಅಂದರೆ ಆ ಜ್ಞಾನಕ್ಕೆ ಯೋಗ್ಯನಾದವನ, ಲಕ್ಷಣವನ್ನು ಹೇಳದೆ ಶಾಸ್ತ್ರವನ್ನಾರಂಭಿಸಿದವರಲ್ಲ. ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ: ಇವೆಲ್ಲವೂ ಸಾಧಕನು ತನ್ನ ಪ್ರಯತ್ನದಿಂದ ತನ್ನೊಳಗೆ ಗಳಿಸಿಕೊಳ್ಳತಕ್ಕವು, ರಾಜನು ಕೊಡತಕ್ಕವಲ್ಲ. ಆ ಉನ್ನತ ಲಕ್ಷಣವನ್ನು ಒಂದು ಕೈಯಿಂದ ಬರೆದ ಸಂಪ್ರದಾಯವೇ, ಬ್ರಹ್ಮಸೂತ್ರದ ಅಪಶೂದ್ರಾಧಿಕರಣದ ವ್ಯಾಖ್ಯಾನದಲ್ಲಿ, ಜನ್ಮಮಾತ್ರದಿಂದ ಬಹುಸಂಖ್ಯಾತರನ್ನು ವೇದಾಧ್ಯಯನದಿಂದ ಹೊರಗಿಟ್ಟಿತು. ಗುಣದ ಸ್ಥಾನದಲ್ಲಿ ಜನ್ಮವನ್ನು ಕುಳ್ಳಿರಿಸಿದ ಆ ದೋಷವನ್ನು ಬಲ್ಲ ನಮಗೆ, ಗುಣದ ಸ್ಥಾನದಲ್ಲಿ ಪದವಿಯನ್ನು ಕುಳ್ಳಿರಿಸಿದ ಈ ದೋಷವು ಅಪರಿಚಿತವಾಗಲಾರದು.

ಹಾಗಾದರೆ ಎಲ್ಲರಿಗೂ ಸಮನಾಗಿ ಮುಚ್ಚಿಬಿಟ್ಟರೆ ನ್ಯಾಯವಾಗುವುದೆ ಎಂದು ಕೇಳಬಹುದು. ಆಗುವುದಿಲ್ಲ; ಸಮನಾಗಿ ಹಂಚಿದ ಮಾತ್ರಕ್ಕೆ ಅಜ್ಞಾನವು ಶ್ರೇಯಸ್ಸಾಗುವುದಿಲ್ಲ. ಆದರೆ ತಾನು ಹಾಕಿದ ತಡೆಯನ್ನು ತಾನೂ ಅನುಭವಿಸುವ ಮಂತ್ರಿಗೆ ಅದರ ಕ್ಲೇಶವು ತಿಳಿಯುತ್ತದೆ. ವಿನಾಯಿತಿ ಪಡೆದವನಿಗೆ ಅದು ವರದಿಯಲ್ಲಿ ಬಂದ ಒಂದು ಸಂಗತಿ ಮಾತ್ರ. ಇದಕ್ಕಿಂತಲೂ ನನ್ನನ್ನು ಹೆಚ್ಚಾಗಿ ಬಾಧಿಸುವುದು ಮತ್ತೊಂದಿದೆ. ಶಬ್ದದಿಂದ, ಅಂದರೆ ಇತರರ ಮಾತಿನಿಂದ, ತಿಳಿದುದನ್ನು ಮತ್ತೊಂದು ಶಬ್ದದಿಂದ ಪರೀಕ್ಷಿಸಿ ನೋಡುವುದು ಬುದ್ಧಿಯ ಸಹಜಧರ್ಮ. ಇರಾನಿನ ಅಧಿಕಾರಸ್ಥನು ನಿಷಿದ್ಧವಾದ ಎಕ್ಸ್ ವೇದಿಕೆಯ ಮೇಲೆಯೇ ನಿಂತು, ನಮ್ಮ ಜನ ಹೀಗೆ ಬಯಸುತ್ತಾರೆಂದು ಲೋಕಕ್ಕೆ ಹೇಳುತ್ತಾನೆ; ಆ ಜನಕ್ಕಾದರೋ, ಅವನು ಏನು ಹೇಳಿದನೆಂದು ಓದುವುದಕ್ಕೂ ತಡೆಯನ್ನು ಮುರಿಯಬೇಕು. ಅವರ ಹೆಸರಿನಲ್ಲಿ ಆಡಿದ ಮಾತಿಗೆ ಅವರೇ ಸಾಕ್ಷಿಗಳಾಗದಂತೆ ಮಾಡುವುದು ಆತ್ಮವನ್ನು ಕಾಪಾಡುವ ಯಾವ ಶಾಸ್ತ್ರಕ್ಕೂ ಒಪ್ಪುವುದಿಲ್ಲ.

ಈ ವಿನಾಯಿತಿಯನ್ನು ಪಡೆದ ಪತ್ರಕರ್ತರು ಅದನ್ನು ಕೂಡಲೇ ಹಿಂದಿರುಗಿಸಬೇಕೆಂದು, ದೂರದ ಸುರಕ್ಷಿತ ಸ್ಥಳದಲ್ಲಿ ಕುಳಿತು ನಾನು ವಿಧಿಸಲಾರೆ. ಸುದ್ದಿಯನ್ನು ಹೊರತರುವುದಕ್ಕೆ ಅದೊಂದೇ ಸಾಧನವಾಗಿರುವ ಗಳಿಗೆಗಳೂ ಇರುತ್ತವೆ. ಆದರೆ ಅದು ತಮ್ಮಲ್ಲಿದೆಯೆಂದು ಅವರು ಓದುಗರಿಗೆ ಬಹಿರಂಗವಾಗಿ ತಿಳಿಸಲಿ. ತಮಗೆ ಅಹಿತವಾಗದ ವಸ್ತುವು ನೆರೆಯವನಿಗೆ ಹೇಗೆ ಅಹಿತವಾಯಿತೆಂದು, ಕೊಟ್ಟವರನ್ನೇ ತಮ್ಮ ಪತ್ರಿಕೆಯಲ್ಲಿ ಕೇಳಲಿ.